ಆರುನೂರ ಹನ್ನೊಂದನೇ ನಂಬರಿನ ಹೆಪ್ಪು

ಲೇಬಲ್ ಕಿತ್ತದ್ದೇ ತಪ್ಪಾಯಿತು. ಅದನ್ನು ಹಾಗೇ ಬಿಟ್ಟಿದ್ದರೆ ಜೆಲ್ಯಾಸ್ಕೊನ ಮಾನ ಮನೆಯೊಳಗೆ, ಹೆಂಡತಿಯ ಮುಂದಷ್ಟೇ ಹೋಗುತ್ತಿತ್ತು. ಕಿತ್ತಿದ್ದರಿಂದ ಯಾಂಬೊಲ್ ಊರಿನವರೆಲ್ಲರ ಮುಂದೆ ಹೋಯಿತು.

ಜೆಲ್ಯಾಸ್ಕೊ ಎಂದರೆ ನಮ್ಮ ಭಾಷೆಯಲ್ಲಿ ಕಬ್ಬಿಣದವನು. ಹೆಸರಿಗೆ ತಕ್ಕ ಹಾಗೆ ಹದಿನಾರನೇ ವಯಸ್ಸಿನಿಂದ ಕಬ್ಬಿಣ ಎತ್ತಿಕೊಂಡೇ ಬಂದವನು, ಈಗ ಐವತ್ತೆಂಟು. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ. ಊರಿನ ಲಿಫ್ಟುಗಳೆಲ್ಲ ಅವನ ಕೈಯಲ್ಲಿ ಓಡುತ್ತವೆ, ಅವನೇ ವಾಸವಿರುವ ಎಂಟು ಮಹಡಿಯ ಕಟ್ಟಡದ್ದು ಮಾತ್ರ ನಾಲ್ಕು ತಿಂಗಳಿಂದ ನಿಂತಿದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಏಳನೇ ಮಹಡಿಯ ಗಿನ್ಕಕ್ಕ ದಿನಕ್ಕೆ ಎರಡು ಸಲವಾದರೂ ಹೇಳುತ್ತಾಳೆ, ಅದೂ ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗಲೇ ಬಾಗಿಲು ತೆಗೆದು.

ಹೋದ ವರ್ಷ ಊರಿನ ಹಿರಿಯರ ಭಾರ ಎತ್ತುವ ಸ್ಪರ್ಧೆಯಲ್ಲಿ ನೂರು ಕಿಲೊ ಅವನ ಎದೆಯ ತನಕ ಬಂತು, ತಲೆಯ ಮೇಲಕ್ಕೆ ಹೋಗಲಿಲ್ಲ. ಬಾರ್ ಧಡಾರನೆ ಬಿದ್ದ ಮೇಲೆ ಸಭಾಂಗಣದಲ್ಲಿ ಮೊದಲು ಬಾಯಿ ತೆರೆದವಳು ಗಿನ್ಕಕ್ಕ. "ಇನ್ಮೇಲೆ ಮೊಮ್ಮಗನ್ನ ಎತ್ಕೊಂಡು ಆಡ್ಸಪ್ಪ, ಸಾಕು," ಎಂದಳು. ಜನ ನಕ್ಕರು. ಆ ನಗು ಜೆಲ್ಯಾಸ್ಕೊನ ಕಿವಿಯಲ್ಲಿ ಒಂದು ವರ್ಷ ಇತ್ತು. ಇದೇ ಜನರ ಮುಂದೆ, ಇದೇ ಗಿನ್ಕಕ್ಕನ ಕಣ್ಣೆದುರು ನೂರು ಕಿಲೊ ತಲೆಯ ಮೇಲೆ ಎತ್ತಿ ನಿಲ್ಲಬೇಕು. ಅವನಿಗೆ ಬದುಕಿನಲ್ಲಿ ಇನ್ನೇನೂ ಬೇಕಾಗಿರಲಿಲ್ಲ.

ಆಗ ಸಿಕ್ಕಿದವನು ಕ್ರುಮ್. ಅವನು ಜಿಮ್ ಇಟ್ಟುಕೊಂಡವನು. ಮಾತಿನಲ್ಲೇ ಮನೆ ಕಟ್ಟಿ ಬಾಡಿಗೆಗೂ ಕೊಡುವ ಆಸಾಮಿ. ಅಂಗೈಯಲ್ಲಿ ಒಂದು ಪುಟ್ಟ ಗಾಜಿನ ಶೀಸೆ ಹಿಡಿದು, ಇದು ಹಾರ್ಮೋನಲ್ಲ, ಪೆಪ್ಟೈಡ್ ಎಂದ. ಹೊರದೇಶದ ಲ್ಯಾಬಿನದು, ಇನ್ನೂ ಪರೀಕ್ಷೆಯಲ್ಲಿದೆ, ನಾಮಕರಣ ಕೂಡ ಆಗಿಲ್ಲ, ಬರೀ ನಂಬರು: ಆರುನೂರ ಹನ್ನೊಂದು.

"ಇದು ಸೀದಾ ಮೆದುಳಿನ ಬುಡದಲ್ಲಿರೋ ಗ್ರಂಥಿ ಹತ್ರ ಹೋಗಿ ಬಾಗಿಲು ತಟ್ಟುತ್ತೆ. 'ಬೆಳೆಯೋ ಹಾರ್ಮೋನು ಒಳಗೆ ಬಚ್ಚಿಟ್ಕೊಂಡಿದೀಯಲ್ಲ, ಒಂಚೂರು ಬಿಡಮ್ಮ' ಅನ್ನುತ್ತೆ. ಅಷ್ಟೇ. ನಿಂದೇ ಕಣಜ, ನಿಂದೇ ಕಾಳು. ಇದರಲ್ಲಿ ಮೋಸ ಏನು ಬಂತು?" ಎಂದ ಕ್ರುಮ್.

ಸ್ಪರ್ಧೆಯ ನಿಯಮದ ಪ್ರಕಾರ ಅದು ಮೋಸವೇ ಎಂದು ಜೆಲ್ಯಾಸ್ಕೊನಿಗೂ ಗೊತ್ತಿತ್ತು. ಆದರೂ ಎರಡು ಶೀಸೆ ತಂದ. ನೀರಲ್ಲಿ ಕದಡಿ ದಿನವೂ ನಾಲಿಗೆಯ ಕೆಳಗೆ ಎರಡು ಹನಿ. ಮೊದಲ ವಾರದಲ್ಲೇ ಅಭ್ಯಾಸದಲ್ಲಿ ತೊಂಬತ್ತೈದರಿಂದ ನೂರಕ್ಕೆ ಏರಿದ. ಮೊದಲ ಶೀಸೆ ಮುಗಿದು ನಾಲ್ಕು ದಿನವಾಗಿತ್ತು. ಎರಡನೆಯದನ್ನು ಸ್ಪರ್ಧೆಯ ದಿನಕ್ಕೆಂದು, ಹೆಂಡತಿ ಮಿನ್ಕಾಗೆ ಗುರುತು ಸಿಗದಿರಲೆಂದು ಲೇಬಲ್ ಉಗುರಲ್ಲಿ ಕೆರೆದು, ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಇಟ್ಟ. ಲೇಬಲ್ ಇಲ್ಲದ ಪುಟ್ಟ ಶೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ, ಜಾಗ ಫ್ರಿಜ್ಜು. ನಮ್ಮ ದೇಶದಲ್ಲಿ ಅದನ್ನು ನೋಡಿ ಮೊಸರಿನ ಹೆಪ್ಪು ಅನ್ನದವರು ಯಾರಿದ್ದಾರೆ? ಅಷ್ಟು ಯೋಚನೆ ಜೆಲ್ಯಾಸ್ಕೊನಿಗೆ ಬರಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಫ್ರಿಜ್ಜು ತೆಗೆದರೆ ಮೊಟ್ಟೆಗಳಿವೆ, ಶೀಸೆ ಇಲ್ಲ. ಕಳ್ಳನಿಗೊಂದು ಪಿಳ್ಳೆನೆವ ಬೇಕಲ್ಲ, ಉಪ್ಪಿನಕಾಯಿ ಹುಡುಕುವವನಂತೆ ಎಲ್ಲ ಡಬ್ಬಿ ಸರಿಸಿದ. ಕೊನೆಗೆ ಕೇಳಿಯೇಬಿಟ್ಟ.

"ಹೆಪ್ಪಿಂದಾ? ಗಿನ್ಕಕ್ಕ ಬಂದಿದ್ಲು, ಕೊಟ್ಟೆ," ಎಂದಳು ಮಿನ್ಕಾ. "ಸಾಯಂಕಾಲ ನಿಮ್ಮ ತಂಡಕ್ಕೆಲ್ಲ ತಣ್ಣನೆ ಮೊಸರಿನ ಸಾರು, ತರಾತೋರ್ ಮಾಡ್ಕೊಂಡು ತರ್ತಾಳಂತೆ. ಬಿಸಿಲು ಹೆಂಗಿದೆ ನೋಡಿ, ಪಾಪ."

ಜೆಲ್ಯಾಸ್ಕೊ ಒದ್ದೆ ತಲೆಯಲ್ಲೇ ಕೆಳಗಿನ ಮಹಡಿಗೆ ಓಡಿದ.

ಗಿನ್ಕಕ್ಕ ನಲವತ್ತು ವರ್ಷ ಡೈರಿಯ ಲ್ಯಾಬಿನಲ್ಲಿದ್ದು ನಿವೃತ್ತಳಾದವಳು. ಮೊಸರಿನ ವಿಷಯದಲ್ಲಿ ಊರಿನ ಪಾದ್ರಿಯೂ ಅವಳೆದುರು ಬಾಯಿ ಬಿಡುವುದಿಲ್ಲ. ಅವಳ ಮಂಚದ ಮೇಲೆ ದೊಡ್ಡ ಎನಾಮೆಲ್ ಪಾತ್ರೆ, ಆರು ಲೀಟರ್ ಎಮ್ಮೆ ಹಾಲು, ಎರಡು ರಜಾಯಿ ಹೊದ್ದು ಜ್ವರ ಬಂದವರ ಹಾಗೆ ಮಲಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಖಾಲಿ ಶೀಸೆ ತೊಳೆದು ಬೋರಲು ಹಾಕಿತ್ತು.

ಹಾಲು ಯಾಕೋ ವಾಸನೆ ಬರುತ್ತಿದೆ, ಚೆಲ್ಲಿಬಿಡೋಣ ಎಂದು ಜೆಲ್ಯಾಸ್ಕೊ ಶುರು ಮಾಡಿದ. ವಾಸನೆ ಬರುತ್ತಿರುವುದು ನಿನ್ನ ಕಾಲುಚೀಲ ಎಂದಳು ಗಿನ್ಕಕ್ಕ. ಅವನು ಪಾತ್ರೆಗೆ ಕೈ ಹಾಕಿದ. ಅವಳು ಸೌಟಿನಿಂದ ಅವನ ಬೆರಳ ಮೇಲೆ ಕೊಟ್ಟಳು.

"ಹೆಪ್ಪು ಹಾಕಿದ ಹಾಲನ್ನ ಅಲ್ಲಾಡಿಸಬಾರದು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಇವತ್ತಾದ್ರೂ ತಂಡದ ಮಾನ ಉಳ್ಸು ಹೋಗು. ಸೋಫಿಯಾದಿಂದ ಯಾರೋ ಡಾಕ್ಟರಮ್ಮ ಬರ್ತಾಳಂತೆ, ಎತ್ತಿದವರದ್ದೆಲ್ಲ ಮೂತ್ರ ಹಿಡಿದು ಪರೀಕ್ಷೆ ಮಾಡ್ತಾಳಂತೆ. ಮುದುಕರ ಮೂತ್ರಕ್ಕೂ ಬೆಲೆ ಬಂತು."

ಮೆಟ್ಟಿಲ ಮೇಲೆ ಕೂತು ಜೆಲ್ಯಾಸ್ಕೊ ಕ್ರುಮ್‌ಗೆ ಫೋನ್ ಮಾಡಿದ. ನೀನು ಹೆದರಬೇಡ, ನಾಲ್ಕು ದಿನವಾಯಿತಲ್ಲ, ನಿನ್ನ ಮೈಯಿಂದ ಅದು ಹೋಗಿಯಾಗಿದೆ ಎಂದು ಕ್ರುಮ್ ಧೈರ್ಯ ಹೇಳಿದ. ಇವತ್ತು ತಿಂದವರ ಗತಿ ಏನು ಎಂದದ್ದಕ್ಕೆ, ಇವತ್ತು ತಿಂದವರು ಇವತ್ತೇ ಸಿಕ್ಕಿಬೀಳುತ್ತಾರೆ ಎಂದ. ಮೈಗೇನಾದರೂ ಆಗುತ್ತದೆಯೇ ಎಂದು ಜೆಲ್ಯಾಸ್ಕೊ ಕೇಳಿದ.

"ಇಲಿಗಳಿಗಂತೂ ಏನೂ ಆಗಿಲ್ಲ," ಎಂದ ಕ್ರುಮ್.

ಜೆಲ್ಯಾಸ್ಕೊ ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಭಯವಿಲ್ಲ, ನೂರು ಕಿಲೊ ಎತ್ತಿ ಗೆದ್ದು ಮನೆಗೆ ಬರಬಹುದು. ಆದರೆ ತಂಡದ ಉಳಿದ ಆರು ಜನ ಏನೂ ಅರಿಯದೆ ಬಲಿ ಬೀಳುತ್ತಾರೆ, ಗಿನ್ಕಕ್ಕನೂ ಒಂದು ಬಟ್ಟಲು ತಿನ್ನದೆ ಬಿಡುವವಳಲ್ಲ. ಅವಳ ಬಾಯಿ ಕಂಡರೆ ಅವನಿಗಾಗದು ನಿಜ. ಹಾಗೆಂದು ಎಪ್ಪತ್ತೆರಡು ವರ್ಷದ ಹೆಂಗಸನ್ನು ಇಲಿಯ ಸಾಲಿಗೆ ಸೇರಿಸಲು ಅವನ ಮನಸ್ಸು ಒಪ್ಪಲಿಲ್ಲ. ಆ ಮೊಸರು ಯಾರ ಬಾಯಿಗೂ ಹೋಗದಂತೆ ಚೆಲ್ಲಿಬಿಡಬೇಕು, ತನ್ನ ಗುಟ್ಟೂ ಉಳಿಯಬೇಕು.

ಮಧ್ಯಾಹ್ನ ಮೂರಕ್ಕೆ ಹಲ್ಲು ಕಿರಿದುಕೊಂಡು ಮತ್ತೆ ಏಳನೇ ಮಹಡಿಗೆ ಬಂದ. ಪಾತ್ರೆ ಭಾರ ಇದೆ, ನಾನೇ ಹೊತ್ತು ಇಳಿಸುತ್ತೇನೆ ಎಂದ. ಐದನೇ ಮಹಡಿಯ ತಿರುವಿನಲ್ಲಿ ಒಂದು ಮೆಟ್ಟಿಲು ಮುರಿದಿದೆ, ಅಲ್ಲಿ ಮುಗ್ಗರಿಸಿದರೆ ಯಾರೂ ಅನುಮಾನ ಪಡುವುದಿಲ್ಲ ಎಂಬುದು ಅವನ ಯೋಜನೆ. ಗಿನ್ಕಕ್ಕ ಅವನ ಕೈಗಳನ್ನು ಒಂದು ಸಲ ನೋಡಿದಳು.

"ಹೋದ ವರ್ಷ ಬಾರ್ ಕೆಡವಿದ ಕೈಗೆ ನನ್ನ ಮೊಸರು ಕೊಡಲ್ಲಪ್ಪ. ಅಷ್ಟು ಉಪಕಾರ ಮಾಡೋ ಮನಸ್ಸಿದ್ರೆ ಲಿಫ್ಟ್ ರಿಪೇರಿ ಮಾಡು."

ಲಿಫ್ಟಿನಲ್ಲಾದರೂ ಪಾತ್ರೆಯ ಪಕ್ಕ ನಿಲ್ಲಲು ಸಿಗುತ್ತದೆಂದು ಅವನು ಕೆಲಸಕ್ಕಿಳಿದ, ನಾಲ್ಕು ತಿಂಗಳಲ್ಲಿ ಆಗದ್ದು ನಲವತ್ತು ನಿಮಿಷದಲ್ಲಿ ಆಯಿತು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದವು. ಇಷ್ಟು ಸುಲಭವಿದ್ದ ಕೆಲಸಕ್ಕೆ ಇಷ್ಟು ದಿನ ನಮ್ಮ ಮಂಡಿ ಸವೆಸಿದೆಯಲ್ಲೋ ಎಂದು ಎಲ್ಲರೂ ಬೈದರು, ಬೈದು ಮುಗಿಸಿ ಲಿಫ್ಟಿನಲ್ಲಿ ಒಂದೊಂದು ಸುತ್ತು ಹೋಗಿ ಬಂದರು. ಅಷ್ಟು ಸುತ್ತು ಹೊಡೆಸಿದ್ದೇ ಹೆಚ್ಚಾಯಿತೋ ಏನೋ, ರಜಾಯಿ ಸುತ್ತಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಗಿನ್ಕಕ್ಕ ಸ್ಟೂಲಿನ ಮೇಲೆ ಕೂತು, ಪಕ್ಕದಲ್ಲಿ ಜೆಲ್ಯಾಸ್ಕೊ ನಿಂತು ಕೆಳಗಿಳಿಯುವಾಗ ನಾಲ್ಕನೆಯ ಮತ್ತು ಮೂರನೆಯ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು.

ಹೊರಗಿನಿಂದ ಸಲಹೆಗಳು ಬರತೊಡಗಿದವು. ಒಬ್ಬರು ಮೇಲಿನ ಗುಂಡಿ ಒತ್ತು ಎಂದರು, ಇನ್ನೊಬ್ಬರು ಕೆಳಗಿನದನ್ನು. ಎರಡನೇ ಮಹಡಿಯ ನಿವೃತ್ತ ಮೇಷ್ಟರು, ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆ, ಕರೆಯಲೇ ಎಂದು ಕೇಳಿದರು. ಆ ಮೆಕ್ಯಾನಿಕ್ ಒಳಗೇ ಇದ್ದಾನೆ ಎಂದು ಗಿನ್ಕಕ್ಕ ಒಳಗಿನಿಂದ ಉತ್ತರ ಕೊಟ್ಟಳು.

ಇದೇ ಸಮಯ ಎಂದುಕೊಂಡ ಜೆಲ್ಯಾಸ್ಕೊ. ತನಗೆ ವಿಪರೀತ ಹಸಿವು, ಈ ಮೊಸರನ್ನು ಇಲ್ಲೇ ತಿಂದುಬಿಡುತ್ತೇನೆ ಎಂದ. ತಾನು ಮೊದಲೇ ಮೂರು ವಾರ ಕುಡಿದವನು, ಇನ್ನಷ್ಟು ಹೋದರೆ ಹೋಗಲಿ, ಸಿಕ್ಕಿಬಿದ್ದರೆ ತಾನೊಬ್ಬನೇ ಬೀಳಲಿ ಎಂದು ಅವನು ಗಟ್ಟಿ ಮಾಡಿಕೊಂಡಿದ್ದ. ಎಷ್ಟು ತಿನ್ನುತ್ತೀ ಎಂದು ಗಿನ್ಕಕ್ಕ ಕೇಳಿದಳು.

"ಎಲ್ಲಾ."

"ಆರು ಲೀಟರಾ?"

"ಆರೂ."

ಗಿನ್ಕಕ್ಕ ರಜಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಐವತ್ತು ವರ್ಷದಲ್ಲಿ ಹೊಟ್ಟೆಬಾಕರನ್ನು ಬೇಕಾದಷ್ಟು ನೋಡಿದ್ದೇನೆ, ಜೊತೆಯವರ ಪಾಲನ್ನೂ ನುಂಗಿ ಗೆಲ್ಲಬೇಕೆನ್ನುವವನನ್ನು ಇವತ್ತೇ ನೋಡಿದ್ದು ಎಂದಳು. ಅವನಿಗೆ ನಿಜವಾಗಿ ಅಳು ಬಂತು. ಅಷ್ಟರಲ್ಲಿ ಹೊರಗಿನವರು ಯಾವ ಗುಂಡಿ ಒತ್ತಿದರೋ, ಲಿಫ್ಟ್ ತಾನಾಗಿ ಮೆಲ್ಲಗೆ ಕೆಳಗಿಳಿದು ಬಾಗಿಲು ತೆಗೆಯಿತು. ಮೊಸರು ತುಳುಕಲೂ ಇಲ್ಲ.

ಸಭಾಂಗಣ ಆಗಲೇ ತುಂಬಿತ್ತು. ತೂಕ ನೋಡುವುದು ಮುಗಿದು ತಂಡದವರು ಉದ್ದನೆಯ ಮೇಜಿಗೆ ಕೂತಿದ್ದರು. ಬಾರ್ ಮತ್ತು ಪ್ಲೇಟುಗಳನ್ನು ಕ್ರುಮ್ ತನ್ನ ಜಿಮ್ಮಿನಿಂದ ತಂದು ವೇದಿಕೆಯ ಮೇಲೆ ಜೋಡಿಸಿದ್ದ. ಅವುಗಳ ಪಕ್ಕ ಕಾಗದಗಳನ್ನು ಹರಡಿಕೊಂಡು ಡಾಕ್ಟರ್ ಮಾರ್ಚೆವಾ ಕೂತಿದ್ದಳು. ತೆಳ್ಳನೆಯ ಹೆಂಗಸು. ಖಾಲಿ ಮೂತ್ರದ ಡಬ್ಬಿಗಳನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಮೊಸರಿನಲ್ಲಿ ಕಲ್ಲು ಹುಡುಕುವ ಜಾತಿ.

ಗಿನ್ಕಕ್ಕ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಎಲ್ಲ ಮಿನ್ಕಾ ಹೆಚ್ಚಿ ತಂದಿದ್ದಳು. ಇನ್ನು ಮೊಸರು ಕಡೆದು ನೀರು ಬೆರೆಸುವುದೊಂದೇ ಬಾಕಿ. ಜೆಲ್ಯಾಸ್ಕೊನ ಪಕ್ಕದಲ್ಲಿ, ತಂಡದೊಳಗೇ ಮೂವತ್ತು ವರ್ಷದಿಂದ ಅವನ ಎದುರಾಳಿಯಾಗಿರುವ ಸ್ಪಾಸ್ ಚಮಚ ಹಿಡಿದು ಕಾಯುತ್ತಿದ್ದ. ಈ ಸ್ಪಾಸ್ ಒಬ್ಬನಿಗೇ ಆಗಿದ್ದರೆ ಒಂದು ಬಟ್ಟಲು ತಿನ್ನಲಿ ಬಿಡು ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಗಿನ್ಕಕ್ಕನ ಕೈ ರಜಾಯಿಯ ಗಂಟಿಗೆ ಹೋದದ್ದೇ ಜೆಲ್ಯಾಸ್ಕೊ ಎದ್ದು ನಿಂತ.

"ಯಾರೂ ತಿನ್ನಬೇಡಿ. ಅದರಲ್ಲಿ ಹೆಪ್ಪು ಹಾಕಿಲ್ಲ, ನನ್ನ ಔಷಧಿ ಹಾಕಿದಾರೆ. ಬೆಳವಣಿಗೆ ಹಾರ್ಮೋನು ಬಿಡಿಸೋ ಪೆಪ್ಟೈಡ್. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಮುಗಿದಿಲ್ಲ. ಮೂರು ವಾರ ಕುಡಿದಿದೀನಿ. ಗಿನ್ಕಕ್ಕಂಗೆ ಗೊತ್ತಿರಲಿಲ್ಲ, ನನ್ನ ಹೆಂಡ್ತಿಗೂ ಗೊತ್ತಿರಲಿಲ್ಲ. ತಪ್ಪು ನಂದೊಬ್ಬಂದೇ."

ಹೇಳಿ ಮುಗಿಸಿದಾಗ ಎದೆ ಹಗುರವಾಯಿತು. ತಲೆ ತಗ್ಗಿಸಲಿಲ್ಲ. ಕಳ್ಳತನ ಮಾಡಿದ್ದು ನಿಜ, ಆದರೆ ಒಪ್ಪಿಕೊಂಡದ್ದು ಗಂಡಸಿನ ಹಾಗೆ ಎಂದು ಎದೆಯುಬ್ಬಿಸಿಯೇ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಸ್ಪಾಸ್ ಯಾಕೋ ತನ್ನ ತೋಳು ಸವರಿಕೊಂಡ. ಮೇಜಿನ ಆ ತುದಿಯಲ್ಲಿ ಇನ್ನೂ ಮೂವರು ಮೇಲೆ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡತೊಡಗಿದರು.

ಡಾಕ್ಟರ್ ಮಾರ್ಚೆವಾ ಹೊಸ ಕಾಗದ ತೆಗೆದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಅವನು ಸಹಿ ಹಾಕಿದ. ಮಿನ್ಕಾ ಬಂದು ಅವನ ಮುಖ ನೋಡಿ, ಮನೆಗೆ ಬನ್ನಿ, ಎಂದಷ್ಟೇ ಹೇಳಿದಳು. ಡಾಕ್ಟರಮ್ಮನ ಕಾಗದಕ್ಕಿಂತ ಆ ಎರಡು ಮಾತಿಗೇ ಅವನು ಹೆಚ್ಚು ಹೆದರಿದ.

ಆರು ಲೀಟರ್ ಎಮ್ಮೆ ಹಾಲು ಮಣ್ಣುಪಾಲಾಯಿತಲ್ಲ ಎಂದು ಗೊಣಗುತ್ತ ಗಿನ್ಕಕ್ಕ ಚೆಲ್ಲುವುದಕ್ಕೆಂದು ರಜಾಯಿ ಬಿಚ್ಚಿ ಮುಚ್ಚಳ ತೆಗೆದಳು. ಸೌಟು ಒತ್ತಿದಳು, ಸೌಟು ನೆಟ್ಟಗೆ ನಿಂತಿತು. ಮೊಸರು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು, ಮೇಲೆ ಬೆರಳು ದಪ್ಪದ ಕೆನೆ. ಯಾರು ಬೇಡವೆಂದರೂ ಕೇಳದೆ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಪೆಪ್ಟೈಡೂ ಇಲ್ಲ, ಪಿಂಡಾನೂ ಇಲ್ಲ," ಎಂದಳು. "ಇದು ನಮ್ಮ ಡೈರಿ ಹೆಪ್ಪು, ಹದಿನೇಳನೇ ನಂಬರಿಂದು. ನಲವತ್ತು ವರ್ಷ ಇದನ್ನೇ ನೆಕ್ಕಿದ ನಾಲಿಗೆ ಇದು. ಲ್ಯಾಬಲ್ಲಿ ಈಗ ಇದನ್ನ ಶೀಸೆಗೆ ತುಂಬೋದು ಯಾರು ಗೊತ್ತಾ? ಕ್ರುಮ್‌ನ ಹೆಂಡ್ತಿ."

ಎಲ್ಲರೂ ತಿರುಗಿ ನೋಡಿದರು. ಕ್ರುಮ್ ಬಾಗಿಲ ಕಡೆ ಸರಿಯುತ್ತಿದ್ದ. ಬಾಗಿಲಿಗೆ ಅಡ್ಡವಾಗಿ ಮಿನ್ಕಾ ನಿಂತಿದ್ದಳು, ಸೌತೆಕಾಯಿ ಹೆಚ್ಚಿದ ಚಾಕು ಇನ್ನೂ ಕೈಯಲ್ಲೇ ಇತ್ತು. ಅವನು ಮರಳಿ ಬಂದು ತನ್ನ ಪ್ಲೇಟುಗಳ ಹಿಂದೆ ಕೂತ.

ಜೆಲ್ಯಾಸ್ಕೊನಿಗೆ ಮೊದಲು ಕ್ರುಮ್‌ನ ಕತ್ತು ಹಿಸುಕಬೇಕೆನ್ನಿಸಿತು, ಆಮೇಲೆ ಕುಣಿಯಬೇಕೆನ್ನಿಸಿತು. ಹಾಗಾದರೆ ತಾನು ಮೂರು ವಾರ ಕುಡಿದದ್ದು ಮೊಸರಿನ ಹೆಪ್ಪು. ತಾನು ಶುದ್ಧ. ನೂರು ಕಿಲೊ ಎತ್ತಿದ್ದು ತನ್ನದೇ ತೋಳು. ಡಾಕ್ಟರಮ್ಮ, ಆ ಕಾಗದ ಹರಿದುಬಿಡಿ ಎಂದು ಕೈ ಚಾಚಿದ.

ಅವಳು ಹರಿಯಲಿಲ್ಲ. ನಿಷೇಧಿತ ವಸ್ತು ಎಂದು ತಿಳಿದು ಸೇವಿಸಲು ಯತ್ನಿಸಿದರೆ, ಸೇವಿಸಿದ್ದು ಮಜ್ಜಿಗೆಯಾದರೂ ಅಪರಾಧ ಅಪರಾಧವೇ ಎಂದು ಶಾಂತವಾಗಿ ಹೇಳಿದಳು. ಯತ್ನ ಮಾಡಿದ್ದೇನೆಂದು ಅವನೇ ಸಹಿ ಹಾಕಿದ್ದಾನೆ. ಈ ಕ್ಷಣದಿಂದ ಎರಡು ವರ್ಷ ಯಾವ ವೇದಿಕೆಯನ್ನೂ ಹತ್ತುವಂತಿಲ್ಲ. ಬೇರೆ ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಮೇಜಿನತ್ತ ನೋಡಿದಳು. ಸ್ಪಾಸ್ ಬಟ್ಟಲು ಮುಂದೆ ಚಾಚಿ, ಹೇಳುವುದೇನಿಲ್ಲ, ಸ್ವಲ್ಪ ಕೆನೆ ಜಾಸ್ತಿ ಹಾಕು ಗಿನ್ಕಕ್ಕ ಎಂದ. ಆ ಮೂವರೂ ಫ್ಯಾನ್ ನೋಡುವುದನ್ನು ಬಿಟ್ಟು ಬಟ್ಟಲು ಎಳೆದುಕೊಂಡರು. ಒಪ್ಪಿಕೊಂಡವನೊಬ್ಬ ಹೊರಗೆ, ಬಾಯಿ ಮುಚ್ಚಿಕೊಂಡವರೆಲ್ಲ ಊಟಕ್ಕೆ. ನ್ಯಾಯ ಅಂದರೆ ಇದು.

ಆಗ ಜೆಲ್ಯಾಸ್ಕೊನ ಪರವಾಗಿ ಬಾಯಿ ತೆರೆದವಳು ಗಿನ್ಕಕ್ಕ ಎಂದರೆ ನೀವು ನಂಬಬೇಕು.

"ಮೊಸರಿನ ಹೆಪ್ಪು ತಿಂದದ್ದಕ್ಕೆ ಶಿಕ್ಷೆನಾ ಡಾಕ್ಟರಮ್ಮ? ಹಂಗಾದ್ರೆ ಈ ದೇಶದಲ್ಲಿ ಒಬ್ಬರನ್ನೂ ಬಿಡಬೇಡಿ, ತೊಟ್ಟಿಲ ಮಗುವಿಂದ ಶುರು ಮಾಡಿ."

ಜನ ನಕ್ಕರು. ಈ ಸಲ ಅವನ ಕಡೆ ನಿಂತು ನಕ್ಕರು. ಜೆಲ್ಯಾಸ್ಕೊನಿಗೆ ಮೈಯೆಲ್ಲ ಬಿಸಿಯಾಯಿತು. ಯಾರನ್ನೂ ಕೇಳದೆ ವೇದಿಕೆ ಹತ್ತಿದ, ಪ್ಲೇಟುಗಳ ಮೇಲಿನ ಅಂಕಿಗಳನ್ನು ಕೂಡಿ ನೂರು ಕಿಲೊ ಏರಿಸಿದ, ಬಗ್ಗಿ ಹಿಡಿದ. ಎದೆಗೆ ಬಂತು. ಹಲ್ಲು ಕಚ್ಚಿ ಒಂದು ಸಲ ನೂಕಿದ, ಬಾರ್ ತಲೆಯ ಮೇಲೆ ಹೋಗಿ ನಿಂತಿತು. ಒಂದು, ಎರಡು, ಮೂರು ಎಂದು ಸಭೆಯೆಲ್ಲ ಎಣಿಸಿತು. ಅವನು ಗಿನ್ಕಕ್ಕನನ್ನೇ ನೋಡುತ್ತಿದ್ದ. ಅವಳು ಸೌಟು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು.

ಅವನು ಬಾರ್ ಇಳಿಸುವಷ್ಟರಲ್ಲಿ ಡಾಕ್ಟರ್ ಮಾರ್ಚೆವಾ ಇನ್ನೊಂದು ಕಾಗದ ತೆಗೆದಾಗಿತ್ತು. ನಿಷೇಧದ ಅವಧಿಯಲ್ಲಿ ವೇದಿಕೆ ಹತ್ತಿದ್ದಕ್ಕೆ ಮತ್ತೆ ಎರಡು ವರ್ಷ, ಒಟ್ಟು ನಾಲ್ಕು ಎಂದಳು. ಅಪರಾಧದ ವಿವರ ಎಂಬ ಕಡೆ ಏನು ಬರೆಯುತ್ತೀರಿ ಎಂದು ಜೆಲ್ಯಾಸ್ಕೊ ಬೆವರು ಒರೆಸಿಕೊಳ್ಳುತ್ತ ಕೇಳಿದ. ನೂರು ಕಿಲೊ ಎತ್ತಿದ್ದು ಎಂದು ಬರೆಯುತ್ತೇನೆ ಎಂದಳು. ಅವನ ಮುಖ ಅರಳಿತು. ಹಾಗಾದರೆ ಸೀಲು ಒತ್ತಿ ಒಂದು ಪ್ರತಿ ಕೊಡಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ ಎಂದ.

ಡಾಕ್ಟರಮ್ಮನ ಪೆನ್ನು ನಿಂತಿತು. ಸೀಲು ಒತ್ತುವ ಕಾಗದದಲ್ಲಿ ತಾನು ತೂಗಿ ನೋಡದ ತೂಕ ಬರೆಯುವುದಿಲ್ಲ ಎಂದಳು. ಆಟಗಾರರನ್ನು ತೂಗುವ ತಕ್ಕಡಿ ತರಿಸಿ, ಪ್ಲೇಟುಗಳನ್ನು ಒಂದೊಂದಾಗಿ ಅದರ ಮೇಲೆ ಇಡಿಸಿದಳು. ಬೇಡ ಬೇಡ, ಹೊಸ ಪ್ಲೇಟು, ಗೀರು ಬೀಳುತ್ತದೆ ಎಂದು ಕ್ರುಮ್ ಅಡ್ಡ ಬಂದ. ಇಪ್ಪತ್ತು ಎಂದು ಬರೆದ ನಾಲ್ಕು ಪ್ಲೇಟುಗಳಲ್ಲಿ ಯಾವುದೂ ಹತ್ತೊಂಬತ್ತು ದಾಟಲಿಲ್ಲ. ಇಪ್ಪತ್ತು ಕಿಲೊದ ಬಾರ್ ಸೇರಿ ಎಲ್ಲ ಕೂಡಿದಾಗ ತೊಂಬತ್ತೈದು ಕಿಲೊ. ಈ ಹೊಸ ಪ್ಲೇಟು ಜಿಮ್ಮಿಗೆ ಬಂದು ಮೂರು ವಾರದ ಮೇಲಾಯಿತು, ಅದೇ ಶೀಸೆ ಬಂದ ವಾರ ಎಂದು ಸ್ಪಾಸ್ ಬಾಯಿ ತಪ್ಪಿ ಹೇಳಿ, ನಾಲಿಗೆ ಕಚ್ಚಿಕೊಂಡ.

ಜೆಲ್ಯಾಸ್ಕೊ ತನ್ನ ತೋಳುಗಳನ್ನು ನೋಡಿಕೊಂಡ. ಪೆಪ್ಟೈಡ್ ಇಲ್ಲ, ಹೆಪ್ಪಿನ ಮಹಿಮೆಯೂ ಇಲ್ಲ. ಮೊದಲು ತೊಂಬತ್ತೈದು, ಈಗಲೂ ತೊಂಬತ್ತೈದು, ನಾಲ್ಕು ವರ್ಷ ಶಿಕ್ಷೆ ಮಾತ್ರ ಲಾಭ. ಡಾಕ್ಟರಮ್ಮ ನೂರನ್ನು ಹೊಡೆದುಹಾಕಿ ತೊಂಬತ್ತೈದು ಎಂದು ಸ್ಫುಟವಾಗಿ ಬರೆದಳು.

ಸಭಾಂಗಣದ ಮೂಲೆಯಲ್ಲಿ, ಪರದೆಯ ಹಿಂದೆ, ನಮ್ಮ ಅಪ್ಪಂದಿರ ಕಾಲದ ತುಕ್ಕು ಹಿಡಿದ ಪ್ಲೇಟುಗಳು ಬಿದ್ದಿದ್ದವು. ಜೆಲ್ಯಾಸ್ಕೊ ಹೋಗಿ ಒಂದನ್ನು ಎಳೆದು ತಂದು ತಾನೇ ತಕ್ಕಡಿಯ ಮೇಲಿಟ್ಟ. ಇಪ್ಪತ್ತು, ಗ್ರಾಂ ಆಚೀಚೆ ಇಲ್ಲ. ಇನ್ನೂ ಮೂರು ತಂದು ಬಾರ್‌ನ ಪಕ್ಕ ಸಾಲಾಗಿ ಇಟ್ಟ.

"ನೋಡಿ, ಇನ್ನೊಂದು ಸಲ ಎತ್ತಿದ್ರೆ ಒಟ್ಟು ಆರು ವರ್ಷ ಆಗುತ್ತೆ," ಎಂದಳು ಡಾಕ್ಟರ್ ಮಾರ್ಚೆವಾ. "ಅಷ್ಟೊತ್ತಿಗೆ ನಿಮಗೆ ಅರವತ್ತನಾಲ್ಕು. ಯೋಚನೆ ಮಾಡಿ."

ಜೆಲ್ಯಾಸ್ಕೊ ಸೊಂಟದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿಕೊಂಡ.

"ಪ್ಲೇಟು ಹಾಕೋ ಸ್ಪಾಸ್," ಎಂದ.